ಮಗು ಆರಾಮಾಗಿ ಆಡಿಕೊಂಡಿದೆ, ಆದರೂ ಕಿಡ್ನಿಗೆ ಆಪರೇಷನ್ ಬೇಕೇ?

ಪ್ರಶ್ನೆ: ನನ್ನ ಮಗನಿಗೆ ಈಗ ಒಂದು ವರ್ಷ ಎರಡು ತಿಂಗಳು. ಗರ್ಭಿಣಿಯಾಗಿದ್ದಾಗ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲೇ ಮಗುವಿನ ಎಡ ಕಿಡ್ನಿ ಊದಿಕೊಂಡಿದೆ ಎಂದಿದ್ದರು. ಹುಟ್ಟಿದ ಮೇಲೆ ಮೂರು ಸಲ ಸ್ಕ್ಯಾನ್, ಎರಡು ಸಲ ರೆನೋಗ್ರಾಂ ಮಾಡಿಸಿದ್ದೇವೆ. ಮೊದಲನೆಯದರಲ್ಲಿ ಎಡ ಕಿಡ್ನಿಯ ಕೆಲಸ ಶೇ 46 ಇತ್ತು, ಮೊನ್ನೆಯದರಲ್ಲಿ ಶೇ 35ಕ್ಕೆ ಇಳಿದಿದೆ. ‘ಪಿಯುಜೆ ಬ್ಲಾಕ್ ಇದೆ, ಅಂದರೆ ಕಿಡ್ನಿಯಿಂದ ಮೂತ್ರನಾಳ ಹೊರಡುವ ಜಾಗದಲ್ಲಿ ತಡೆ ಇದೆ, ಕೀಹೋಲ್ ಆಪರೇಷನ್ ಮಾಡಿಬಿಡೋಣ’ ಎನ್ನುತ್ತಾರೆ ಡಾಕ್ಟರು. ಆದರೆ ಮಗು ಚೆನ್ನಾಗಿ ಒಂದಕ್ಕೆ ಹೋಗುತ್ತಿದೆ, ಜ್ವರವಿಲ್ಲ, ತೂಕ ಸರಿಯಾಗಿದೆ. ದೊಡ್ಡವನಾಗುತ್ತಾ ತಾನಾಗಿಯೇ ಸರಿಹೋಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಇಷ್ಟು ಚಿಕ್ಕ ಮಗುವಿಗೆ ಕೀಹೋಲ್ ಆಪರೇಷನ್ ಸುರಕ್ಷಿತವೇ? ಒಳಗೆ ಸ್ಟೆಂಟ್ ಇಡುತ್ತಾರಂತೆ, ಅದು ಜೀವನಪೂರ್ತಿ ಇರುತ್ತದೆಯೇ? ಕೊನೆಗೆ ಕಿಡ್ನಿಯನ್ನೇ ತೆಗೆಯಬೇಕಾಗಿ ಬರುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ನಿದ್ದೆ ಕೆಡಿಸಿರುವುದು ಅದೇ ಇರಬೇಕು. ಇಲ್ಲ, ಕಿಡ್ನಿ ತೆಗೆಯುವ ಮಾತು ಇಲ್ಲಿ ಬರುವುದಿಲ್ಲ. ಎರಡೂ ಕಿಡ್ನಿಗಳ ಒಟ್ಟು ಕೆಲಸದಲ್ಲಿ ಶೇ 35ರಷ್ಟನ್ನು ಮಾಡುತ್ತಿರುವ ಕಿಡ್ನಿ ಒಳ್ಳೆಯ ಕಿಡ್ನಿಯೇ. ಅದು ಇನ್ನಷ್ಟು ಇಳಿಯದಂತೆ ತಡೆಯುವುದಕ್ಕೇ ಈ ಆಪರೇಷನ್ ಹೇಳಿರುವುದು. ಸಾಮಾನ್ಯವಾಗಿ ಕೆಲಸ ಶೇ 10ಕ್ಕಿಂತ ಕೆಳಗೆ ಇಳಿದುಹೋದಾಗ ಮಾತ್ರ, ಅದೂ ಸೋಂಕು, ನೋವು ಅಥವಾ ರಕ್ತದೊತ್ತಡದ ತೊಂದರೆ ಕೊಡುತ್ತಿದ್ದರೆ, ತೆಗೆಯುವ ಯೋಚನೆ ಮಾಡುತ್ತೇವೆ. ನೀವು ಅಲ್ಲಿಂದ ಬಹಳ ದೂರದಲ್ಲಿದ್ದೀರಿ.

ಈಗ ಮನೆಯವರ ವಾದಕ್ಕೆ ಬರೋಣ. ಮಗು ಚೆನ್ನಾಗಿ ಒಂದಕ್ಕೆ ಹೋಗುತ್ತಿದೆಯಲ್ಲ, ಬ್ಲಾಕ್ ಇದ್ದರೆ ಮೂತ್ರ ಕಟ್ಟಬೇಕಿತ್ತಲ್ಲವೇ? ಸಹಜವಾದ ಪ್ರಶ್ನೆ, ನನ್ನ ಮುಂದೆ ಕುಳಿತ ಹೆಚ್ಚುಕಡಿಮೆ ಎಲ್ಲ ತಂದೆತಾಯಿಯರೂ ಇದನ್ನು ಕೇಳಿದ್ದಾರೆ. ಎರಡೂ ಕಿಡ್ನಿಗಳ ಮೂತ್ರ ಬಂದು ಸೇರುವುದು ಒಂದೇ ಮೂತ್ರಕೋಶಕ್ಕೆ. ಬಲ ಕಿಡ್ನಿ ಚೆನ್ನಾಗಿದೆ, ಅದೊಂದೇ ಸಾಕು ಬಟ್ಟೆ ಒದ್ದೆಯಾಗಲು, ತೂಕ ಏರಲು, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಸರಿಯಾಗಿ ಬರಲು. ಎಡಗಡೆ ಏನಾಗುತ್ತಿದೆ ಎಂಬುದು ಹೊರಗಿನಿಂದ ಗೊತ್ತಾಗುವುದೇ ಇಲ್ಲ. ನೋವಾದರೂ ಬರಬೇಕಿತ್ತಲ್ಲ ಎಂದರೆ, ದೊಡ್ಡವರಿಗೆ ಕಲ್ಲು ಸಿಕ್ಕಿಕೊಂಡಾಗ ಕಿಡ್ನಿ ಗಂಟೆಗಳೊಳಗೆ ಊದುತ್ತದೆ, ಅದಕ್ಕೇ ಆ ಪರಿಯ ನೋವು. ನಿಮ್ಮ ಮಗುವಿನ ಕಿಡ್ನಿ ಗರ್ಭದಲ್ಲಿದ್ದಾಗಿನಿಂದ ನಿಧಾನವಾಗಿ ಹಿಗ್ಗುತ್ತಾ ಬಂದಿದೆ. ನಿಧಾನಕ್ಕೆ ಹಿಗ್ಗಿದ್ದು ನೋಯುವುದಿಲ್ಲ.

ಒಂದು ಘಟನೆ ಹೇಳುತ್ತೇನೆ. ಒಂಬತ್ತು ವರ್ಷದ ಹುಡುಗನೊಬ್ಬ ಸೈಕಲ್‌ನಿಂದ ಬಿದ್ದ. ಸಣ್ಣ ಪೆಟ್ಟು, ಆದರೆ ಮೂತ್ರದಲ್ಲಿ ರಕ್ತ ಕಾಣಿಸಿತು. ಸ್ಕ್ಯಾನ್ ಮಾಡಿದರೆ ಎಡಗಡೆ ಕಿಡ್ನಿಯ ಜಾಗದಲ್ಲಿ ನೀರು ತುಂಬಿದ ದೊಡ್ಡ ಚೀಲ, ಸುತ್ತ ಕಾಗದದಷ್ಟು ತೆಳುವಾದ ಕಿಡ್ನಿಯ ಪದರ. ಕೆಲಸ ಶೇ 8. ಅವನಿಗೂ ಗರ್ಭದಲ್ಲಿದ್ದಾಗಲೇ ಊತ ಕಂಡಿತ್ತು. ಮೊದಲ ವರ್ಷ ಎರಡು ಸಲ ತೋರಿಸಿ, ಮಗು ಚೆನ್ನಾಗಿದೆ ಎಂದು ಆಮೇಲೆ ಬಿಟ್ಟುಬಿಟ್ಟಿದ್ದರು. ‘ಒಂದು ದಿನವೂ ಹೊಟ್ಟೆನೋವು ಅಂದವನಲ್ಲ ಡಾಕ್ಟ್ರೇ’ ಎಂದು ಅವನ ತಂದೆ ಮತ್ತೆ ಮತ್ತೆ ಹೇಳುತ್ತಿದ್ದರು. ಆ ಮಾತು ನಿಜವೇ ಆಗಿತ್ತು. ಆ ಕಿಡ್ನಿಯನ್ನು ನಾನೇ ತೆಗೆದೆ. ಹುಡುಗ ಒಂದೇ ಕಿಡ್ನಿಯಲ್ಲಿ ಆರೋಗ್ಯವಾಗಿದ್ದಾನೆ, ಆದರೂ ಅದು ಉಳಿಯಬಹುದಾಗಿದ್ದ ಕಿಡ್ನಿ ಎಂಬುದು ನನ್ನ ಮನಸ್ಸಿನಿಂದ ಹೋಗಿಲ್ಲ.

ಇಷ್ಟು ಹೇಳಿದ ಮೇಲೆ, ನಿಮ್ಮ ಹಿರಿಯರ ಮಾತಿನಲ್ಲೂ ಸತ್ಯವಿದೆ ಎಂಬುದನ್ನು ಒಪ್ಪಲೇಬೇಕು. ಗರ್ಭದಲ್ಲಿ ಕಾಣುವ ಕಿಡ್ನಿ ಊತಗಳಲ್ಲಿ ಬಹುಪಾಲು ಯಾವ ಚಿಕಿತ್ಸೆಯೂ ಇಲ್ಲದೆ ಇಳಿದುಹೋಗುತ್ತವೆ. ಹಾಗಾಗಿಯೇ ಹುಟ್ಟಿದ ಕೂಡಲೇ ಕತ್ತರಿ ಹಿಡಿಯದೆ ಕಾಯುತ್ತೇವೆ. ನಿಮ್ಮ ಡಾಕ್ಟರೂ ಒಂದು ವರ್ಷ ಕಾದಿದ್ದಾರೆ, ಅದು ಸರಿಯಾದ ಕ್ರಮ. ಆದರೆ ಕಾಯುವುದು ಎಂದರೆ ಅಳೆಯುತ್ತಾ ಕಾಯುವುದು. ಈಗ ಅಳತೆ ಬದಲಾಗಿದೆ, ಆದ್ದರಿಂದ ಸಲಹೆಯೂ ಬದಲಾಗಿದೆ.

ಅಳತೆ ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಿರ್ಧಾರವೆಲ್ಲ ನಿಂತಿರುವುದು ಅದರ ಮೇಲೆ. ಅಲ್ಟ್ರಾಸೌಂಡ್ ಸ್ಕ್ಯಾನ್ ಹೇಳುವುದು ಆಕಾರವನ್ನು ಮಾತ್ರ: ಎಷ್ಟು ಊದಿದೆ, ಕಿಡ್ನಿಯ ಪದರ ಎಷ್ಟು ದಪ್ಪ ಉಳಿದಿದೆ ಎಂದು. ರೆನೋಗ್ರಾಂ ಹೇಳುವುದು ಕೆಲಸವನ್ನು. ಟೆಕ್ನೀಷಿಯಂ ಎಂಬ, ಆರು ಗಂಟೆಗೆ ಅರ್ಧದಷ್ಟು ಶಕ್ತಿ ಕಳೆದುಕೊಳ್ಳುವ ವಿಕಿರಣ ವಸ್ತುವನ್ನು ಬಹಳ ಕಡಿಮೆ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟು, ಯಾವ ಕಿಡ್ನಿ ಎಷ್ಟು ಪಾಲು ಎಳೆದುಕೊಳ್ಳುತ್ತದೆ, ಎಷ್ಟು ಬೇಗ ಹೊರಗೆ ಹಾಕುತ್ತದೆ ಎಂದು ಕ್ಯಾಮೆರಾದಲ್ಲಿ ನೋಡುತ್ತಾರೆ. ರಿಪೋರ್ಟಿನಲ್ಲಿ ಎರಡು ಗೆರೆಗಳಿರುತ್ತವೆ, ಆ ಹಾಳೆಯನ್ನೊಮ್ಮೆ ತೆಗೆದು ನೋಡಿ. ಬಲ ಕಿಡ್ನಿಯ ಗೆರೆ ಗುಡ್ಡದಂತೆ ಏರಿ ಸರಸರನೆ ಇಳಿದಿರುತ್ತದೆ. ಬ್ಲಾಕ್ ಇರುವ ಎಡ ಕಿಡ್ನಿಯದು ಏರುತ್ತಾ ಹೋಗಿ ಮೇಲೆಯೇ ನಿಂತಿರುತ್ತದೆ. ಮೂತ್ರ ಹೆಚ್ಚಿಸಲು ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟ ಮೇಲೂ ಅರ್ಧದಷ್ಟು ಖಾಲಿಯಾಗಲು 20 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅಡಚಣೆಯ ಅನುಮಾನ ಬಲವಾಗುತ್ತದೆ.

ಎರಡು ಕಿಡ್ನಿಗಳ ಪಾಲು ಸಾಮಾನ್ಯವಾಗಿ ಶೇ 45ರಿಂದ 55ರ ನಡುವೆ ಇರುತ್ತದೆ. ಒಂದರ ಪಾಲು ಶೇ 40ಕ್ಕಿಂತ ಕೆಳಗೆ ಬಂದರೆ, ಅಥವಾ ಎರಡು ಪರೀಕ್ಷೆಗಳ ನಡುವೆ ಹತ್ತು ಅಂಕದಷ್ಟು ಇಳಿದರೆ, ಆಪರೇಷನ್ ಮಾಡುವುದು ಒಳ್ಳೆಯದು ಎಂಬುದು ಮಕ್ಕಳ ಮೂತ್ರಾಂಗ ತಜ್ಞರಲ್ಲಿ ಹೆಚ್ಚಿನವರು ಪಾಲಿಸುವ ಲೆಕ್ಕ. ನಿಮ್ಮಲ್ಲಿ ಎರಡೂ ಆಗಿದೆ. ಹಾಗೆಂದು ಒಂದು ಅಂಕಿಯನ್ನೇ ನಂಬಿ ಕೂರಬಾರದು. ಮಗುವಿಗೆ ನೀರು ಸಾಕಷ್ಟು ಸಿಗದಿದ್ದರೆ, ಪರೀಕ್ಷೆಯ ವೇಳೆ ಮೂತ್ರಕೋಶ ತುಂಬಿಕೊಂಡಿದ್ದರೆ, ಎರಡು ಬೇರೆ ಬೇರೆ ಕಡೆ ಬೇರೆ ಬೇರೆ ವಿಧಾನದಲ್ಲಿ ಮಾಡಿದ್ದರೆ ನಾಲ್ಕೈದು ಅಂಕ ಆಚೀಚೆ ಆಗುತ್ತದೆ. ಹಾಗಾಗಿ ನಿಮ್ಮ ಡಾಕ್ಟರನ್ನು ಕೇಳಿ: ಎರಡೂ ಪರೀಕ್ಷೆ ಒಂದೇ ರೀತಿ ಆಗಿದೆಯೇ? ಸ್ಕ್ಯಾನ್‌ನಲ್ಲೂ ಊತ ಹೆಚ್ಚಿದೆಯೇ, ಪದರ ತೆಳುವಾಗಿದೆಯೇ? ಗೆರೆ ಇಳಿಯದೆ ನಿಂತಿದೆಯೇ? ಮೂರಕ್ಕೂ ಹೌದು ಎಂದರೆ ನಾನಾಗಿದ್ದರೂ ಅವರು ಹೇಳಿದ್ದನ್ನೇ ಹೇಳುತ್ತಿದ್ದೆ.

ಇನ್ನು ಬ್ಲಾಕ್ ಎಲ್ಲಿದೆ ಎಂಬುದು. ಕಿಡ್ನಿಯೊಳಗೆ ಮೂತ್ರ ಮೊದಲು ಸೇರುವ ಬಟ್ಟಲಿನಂಥ ಭಾಗವೊಂದಿದೆ. ಅದರ ತಳದಿಂದ ಮೂತ್ರನಾಳ ಹೊರಟು ಮೂತ್ರಕೋಶಕ್ಕೆ ಇಳಿಯುತ್ತದೆ. ಬಟ್ಟಲೂ ನಾಳವೂ ಕೂಡುವ ಜಾಗವೇ ಪಿಯುಜೆ. ಮೂತ್ರ ನಲ್ಲಿಯ ನೀರಿನಂತೆ ತಾನಾಗಿ ಇಳಿಯುವುದಿಲ್ಲ. ಅನ್ನನಾಳ ತುತ್ತನ್ನು ತಳ್ಳುವ ಹಾಗೆ ನಾಳದ ಸ್ನಾಯುಗಳು ಅಲೆಅಲೆಯಾಗಿ ಹಿಂಡಿ ಅದನ್ನು ಕೆಳಗೆ ದೂಡುತ್ತವೆ. ಈ ಕೂಡುಜಾಗದ ಒಂದು ತುಣುಕಿನಲ್ಲಿ ಸ್ನಾಯು ಸರಿಯಾಗಿ ಬೆಳೆಯದೆ ಹೋದರೆ ಅಲೆ ಅಲ್ಲಿಗೆ ಬಂದು ನಿಲ್ಲುತ್ತದೆ. ಗಂಡುಮಕ್ಕಳಲ್ಲಿ, ಅದರಲ್ಲೂ ಎಡಗಡೆ, ಇದು ಹೆಚ್ಚು. ನೀವು ಗರ್ಭಿಣಿಯಾಗಿದ್ದಾಗ ಏನೋ ತಿಂದಿದ್ದಕ್ಕೆ, ಏನೋ ಎತ್ತಿದ್ದಕ್ಕೆ ಬಂದದ್ದಲ್ಲ. ಹಾಗೆ ಯಾರಾದರೂ ಹೇಳಿದ್ದರೆ ಮನಸ್ಸಿನಿಂದ ತೆಗೆದುಹಾಕಿ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ: ಕಿಡ್ನಿಯ ಕೆಳತುದಿಗೆ ಹೋಗುವ ರಕ್ತನಾಳವೊಂದು ಮೂತ್ರನಾಳದ ಮೇಲೆ ಅಡ್ಡ ಹಾದು ಅದನ್ನು ಒತ್ತುವುದು. ಅಂಥ ಮಕ್ಕಳಿಗೆ ಆಗಾಗ ಪಕ್ಕೆನೋವು, ವಾಂತಿ ಬಂದು ತಾನಾಗಿ ಹೋಗುತ್ತದೆ. ಎಷ್ಟೋ ಮಕ್ಕಳು ಹೊಟ್ಟೆಯ ತೊಂದರೆ ಎಂದೇ ವರ್ಷಗಟ್ಟಲೆ ಔಷಧ ಕುಡಿದಿರುತ್ತಾರೆ. ನೋವಿರುವ ಹೊತ್ತಿನಲ್ಲೇ ಸ್ಕ್ಯಾನ್ ಮಾಡಿದರೆ ಸಿಕ್ಕಿಬೀಳುತ್ತದೆ.

ಆ ಕೆಲಸಗೆಟ್ಟ ತುಣುಕನ್ನು ಕತ್ತರಿಸಿ ತೆಗೆದು, ಚೆನ್ನಾಗಿರುವ ನಾಳವನ್ನು ಬಟ್ಟಲಿಗೆ ಅಗಲವಾಗಿ ಹೊಲಿಯುವುದೇ ಪೈಲೋಪ್ಲಾಸ್ಟಿ. ಇದು ಹೊಸ ಪ್ರಯೋಗವಲ್ಲ. ಇಂಗ್ಲೆಂಡಿನ ಆಂಡರ್ಸನ್ ಮತ್ತು ಹೈನ್ಸ್ ಎಂಬ ಇಬ್ಬರು ಸರ್ಜನ್‌ಗಳು 1949ರಲ್ಲಿ ವಿವರಿಸಿದ ವಿಧಾನವನ್ನೇ ನಾವು ಇಂದಿಗೂ ಮಾಡುತ್ತಿರುವುದು. 1993ರಲ್ಲಿ ದೊಡ್ಡವರಿಗೆ, 1995ರಲ್ಲಿ ಮಕ್ಕಳಿಗೆ ಇದನ್ನೇ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಕೀಹೋಲ್‌ನಲ್ಲಿ, ಮಾಡಿದ ವರದಿಗಳು ಬಂದವು. ಬದಲಾದದ್ದು ಒಳಗೆ ಹೋಗುವ ದಾರಿ, ಒಳಗಿನ ಕೆಲಸ ಅದೇ.

ನಿಮ್ಮ ಮಗುವಿಗೆ ಏನು ಮಾಡುತ್ತಾರೆ ಎಂದು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತೇನೆ, ಗೊತ್ತಿಲ್ಲದ್ದರ ಭಯವೇ ಹೆಚ್ಚು. ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಮಗುವನ್ನು ಎಡಗಡೆ ಮೇಲೆ ಬರುವಂತೆ ಓರೆಯಾಗಿ ಮಲಗಿಸುತ್ತಾರೆ. ಹೊಕ್ಕುಳಿನ ಮಡಿಕೆಯಲ್ಲಿ ಒಂದು ಸಣ್ಣ ರಂಧ್ರ, ಅದರಿಂದ ಕ್ಯಾಮೆರಾ. ಹೊಟ್ಟೆಯೊಳಗೆ ಜಾಗ ಆಗಲು ಕಾರ್ಬನ್ ಡೈಆಕ್ಸೈಡ್ ಅನಿಲವನ್ನು, ದೊಡ್ಡವರಿಗಿಂತ ಕಡಿಮೆ ಒತ್ತಡದಲ್ಲಿ, ತುಂಬುತ್ತಾರೆ. ಇನ್ನೆರಡು ರಂಧ್ರಗಳಲ್ಲಿ 3 ಅಥವಾ 5 ಮಿಲಿಮೀಟರ್ ದಪ್ಪದ ಉಪಕರಣಗಳು. ಎಡಗಡೆಯ ಬ್ಲಾಕ್ ಇರುವ ಪುಟ್ಟ ಮಕ್ಕಳಲ್ಲಿ ಒಂದು ಅನುಕೂಲವಿದೆ. ದೊಡ್ಡ ಕರುಳನ್ನು ಹಿಡಿದಿರುವ ಪೊರೆ ಅವರಲ್ಲಿ ಎಷ್ಟು ತೆಳುವೆಂದರೆ, ಊದಿದ ಬಟ್ಟಲು ಅದರ ಹಿಂದಿನಿಂದ ತಿಳಿನೀಲಿಯಾಗಿ ಹೊಳೆಯುತ್ತಿರುತ್ತದೆ. ಕರುಳನ್ನು ಸರಿಸದೆ, ಪೊರೆಯಲ್ಲೇ ಒಂದು ಕಿಟಕಿ ಮಾಡಿಕೊಂಡು ನೇರ ಅಲ್ಲಿಗೆ ತಲುಪಬಹುದು. ಹೊಟ್ಟೆಯ ಹೊರಗಿನಿಂದಲೇ ಸೂಜಿದಾರ ಇಳಿಸಿ ಬಟ್ಟಲನ್ನು ಮೇಲೆತ್ತಿ ಹಿಡಿದುಕೊಳ್ಳುತ್ತೇವೆ. ಆಮೇಲೆ ಕಿರಿದಾದ ತುಣುಕನ್ನು ಕತ್ತರಿಸಿ, ನಾಳದ ಬಾಯನ್ನು ಉದ್ದಕ್ಕೆ ಸೀಳಿ ಅಗಲ ಮಾಡಿ, ಹೊಲಿಗೆ ಶುರು.

ಆ ಹೊಲಿಗೆಯೇ ಈ ಆಪರೇಷನ್ನಿನ ಜೀವ. ನಾಳ ಕೆಲವೇ ಮಿಲಿಮೀಟರ್ ದಪ್ಪ, ದಾರ ಕೂದಲೆಳೆಯಂತೆ, ತಾನಾಗಿ ಕರಗಿಹೋಗುವಂಥದ್ದು. ಹತ್ತು ಹನ್ನೆರಡು ಹೊಲಿಗೆ. ಒಂದೊಂದೂ ನಾಳದ ಒಳಪದರವನ್ನು ಸರಿಯಾಗಿ ಹಿಡಿಯಬೇಕು, ಎದುರುಗೋಡೆಯನ್ನು ಸೇರಿಸಿಕೊಳ್ಳಬಾರದು, ಬಿಗಿಯಾಗಬಾರದು, ನಾಳ ತಿರುಚಿಕೊಳ್ಳಬಾರದು. ಹಿಂದಿನ ಗೋಡೆಯ ಹೊಲಿಗೆ ಮುಗಿದ ಮೇಲೆ ಸ್ಟೆಂಟ್ ಇಳಿಸುತ್ತೇವೆ. ಅದರ ಮೇಲೆ ಮುಂದಿನ ಗೋಡೆ ಮುಚ್ಚುತ್ತಾ ಬರುವಾಗ, ಅಷ್ಟು ದಿನ ಬಿಗಿದು ನಿಂತಿದ್ದ ಬಟ್ಟಲು ಸಡಿಲವಾಗಿ, ನಾಳ ಮೆಲ್ಲನೆ ಮಿಡಿಯುವುದು ಪರದೆಯ ಮೇಲೆ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಸಾಕೆನಿಸಿಲ್ಲ.

ಕೀಹೋಲ್ ಸುರಕ್ಷಿತವೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಈ ಹೊಲಿಗೆಯಲ್ಲೇ ಇದೆ. ಅಭ್ಯಾಸವಿರುವ ಕೈಗಳಲ್ಲಿ ತೆರೆದ ಆಪರೇಷನ್ನೂ ಕೀಹೋಲೂ ಎರಡೂ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳಲ್ಲಿ ಯಶಸ್ವಿಯಾಗುತ್ತವೆ. ಕೀಹೋಲ್‌ನಲ್ಲಿ ನೋವು ಕಡಿಮೆ, ಮನೆಗೆ ಬೇಗ ಹೋಗಬಹುದು, ಗಾಯದ ಗುರುತು ಬೆಳೆದಂತೆ ಮಾಸಿಹೋಗುತ್ತದೆ. ಸ್ನಾಯು ಗಟ್ಟಿಯಾಗಿರುವ ದೊಡ್ಡ ಮಕ್ಕಳಿಗೆ ಈ ಲಾಭ ಬಹಳ ಸ್ಪಷ್ಟ. ಆರು ತಿಂಗಳೊಳಗಿನ ಕೂಸಿಗೆ ಪಕ್ಕೆಯಲ್ಲಿ ಎರಡು ಮೂರು ಸೆಂಟಿಮೀಟರ್ ಗಾಯದಲ್ಲೇ ತೆರೆದ ಆಪರೇಷನ್ ಮುಗಿಸಬಹುದು, ಅಲ್ಲಿ ಕೀಹೋಲ್‌ನಿಂದ ದೊಡ್ಡ ವ್ಯತ್ಯಾಸವೇನೂ ಆಗದು. ನಿಮ್ಮ ಮಗುವಿನ ವಯಸ್ಸು ಎರಡರ ನಡುವಿನದು. ನನ್ನನ್ನು ಕೇಳಿದರೆ, ಯಾವ ವಿಧಾನ ಎನ್ನುವುದಕ್ಕಿಂತ ಯಾರ ಕೈ ಎಂಬುದನ್ನು ನೋಡಿ. ‘ಈ ವಯಸ್ಸಿನ ಮಕ್ಕಳಿಗೆ ನೀವು ಇದನ್ನು ಎಷ್ಟು ಸಲ ಮಾಡಿದ್ದೀರಿ?’ ಎಂದು ನೇರವಾಗಿ ಕೇಳಿ. ಸಂಕೋಚ ಬೇಡ, ಒಳ್ಳೆಯ ಸರ್ಜನ್ ಯಾರೂ ಇದಕ್ಕೆ ಮುಖ ಗಂಟಿಕ್ಕುವುದಿಲ್ಲ. ಅವರಿಗೆ ತೆರೆದ ವಿಧಾನವೇ ಪಳಗಿದ್ದರೆ ಅದನ್ನೇ ಮಾಡಿಸಿ. ಕೀಹೋಲ್ ಶುರು ಮಾಡಿ ಮಧ್ಯದಲ್ಲಿ ತೆರೆಯಬೇಕಾಗಿ ಬಂದರೂ ಅದು ಸೋಲಲ್ಲ, ಮಗುವಿನ ಹಿತಕ್ಕಾಗಿ ತೆಗೆದುಕೊಂಡ ವಿವೇಕದ ತೀರ್ಮಾನ. ರೋಬಾಟ್ ಬಗ್ಗೆಯೂ ಈಗ ತುಂಬ ಜನ ಕೇಳುತ್ತಾರೆ. ಹೊಲಿಗೆ ಸುಲಭವಾಗುತ್ತದೆ ನಿಜ, ಆದರೆ ಫಲಿತಾಂಶದಲ್ಲಿ ಹೆಚ್ಚಿನ ಅಂತರವಿಲ್ಲ. ಪುಟ್ಟ ಹೊಟ್ಟೆಯಲ್ಲಿ ಅದರ ತೋಳುಗಳಿಗೆ ಜಾಗವೂ ಕಡಿಮೆ.

ಅರಿವಳಿಕೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಪದೇಪದೇ, ಅಥವಾ ಮೂರು ಗಂಟೆಗೂ ಮೀರಿ ಅರಿವಳಿಕೆ ಕೊಟ್ಟರೆ ಮಿದುಳಿನ ಬೆಳವಣಿಗೆಯ ಮೇಲೆ ಪರಿಣಾಮವಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಅದೇ ಸಂಸ್ಥೆ, ಅಗತ್ಯವಿರುವ ಆಪರೇಷನ್ನನ್ನು ಈ ಕಾರಣಕ್ಕೆ ಮುಂದೂಡಬಾರದು ಎಂದೂ ಹೇಳಿದೆ. ಪೈಲೋಪ್ಲಾಸ್ಟಿಗೆ ಸಾಮಾನ್ಯವಾಗಿ ಎರಡರಿಂದ ಮೂರು ಗಂಟೆ. ಮಕ್ಕಳ ಅರಿವಳಿಕೆಯಲ್ಲಿ ನುರಿತವರು ಇರುವ ಕಡೆ ಮಾಡಿಸಿ. ಈ ವಿಷಯದಲ್ಲಿ ರಾಜಿ ಬೇಡ. ಹಿಂದಿನ ರಾತ್ರಿ, ಬೆಳಿಗ್ಗೆ ಯಾವ ಹೊತ್ತಿಗೆ ಹಾಲು ನಿಲ್ಲಿಸಬೇಕು, ಯಾವ ಹೊತ್ತಿನವರೆಗೆ ನೀರು ಕೊಡಬಹುದು ಎಂದು ಅವರು ಹೇಳಿದ ಸಮಯವನ್ನು ಬರೆದಿಟ್ಟುಕೊಳ್ಳಿ. ಮಗು ಅಳುತ್ತದೆ ಎಂದು ಕದ್ದು ಹಾಲು ಕೊಡಬೇಡಿ, ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ನೆಗಡಿ ಕೆಮ್ಮಿದ್ದರೆ ಮುಚ್ಚಿಡಬೇಡಿ.

ಸ್ಟೆಂಟ್ ಜೀವನಪೂರ್ತಿ ಇರುವುದಿಲ್ಲ. ಅದು ಕಿಡ್ನಿಯ ಬಟ್ಟಲಿನಿಂದ ಮೂತ್ರಕೋಶದವರೆಗೆ ಇರುವ, ಎರಡೂ ತುದಿ ಸುರುಳಿಯಾದ ತೆಳುವಾದ ಮೃದು ನಳಿಕೆ. ಹೊಲಿಗೆ ಮಾಯುವ ತನಕ ಮೂತ್ರ ಸೋರದೆ ಇಳಿಯಲು ದಾರಿ. ನಾಲ್ಕರಿಂದ ಆರು ವಾರದಲ್ಲಿ ಮತ್ತೊಮ್ಮೆ ಸ್ವಲ್ಪ ಹೊತ್ತಿನ ಅರಿವಳಿಕೆ ಕೊಟ್ಟು, ಮೂತ್ರ ಬರುವ ದಾರಿಯಿಂದಲೇ ದುರ್ಬೀನು ಹಾಕಿ ತೆಗೆಯುತ್ತಾರೆ, ಗಾಯವಿಲ್ಲ. ಅದು ಒಳಗಿರುವಷ್ಟು ದಿನ ಮಗು ಪದೇಪದೇ ಒಂದಕ್ಕೆ ಹೋಗಬಹುದು, ಹೋಗುವಾಗ ಮುಖ ಕಿವುಚಬಹುದು, ಓಡಾಡಿದ ದಿನ ಮೂತ್ರ ತಿಳಿಗುಲಾಬಿಯಾಗಬಹುದು. ನೀರು ಹೆಚ್ಚು ಕುಡಿಸಿ, ಗಾಬರಿ ಬೇಡ.

ಇಲ್ಲಿ ಕೈಮುಗಿದು ಕೇಳುವ ಒಂದು ಮಾತಿದೆ: ಸ್ಟೆಂಟ್ ತೆಗೆಸುವ ದಿನವನ್ನು ಮರೆಯಬೇಡಿ. ಮಗು ಚೆನ್ನಾಗಿದೆ ಎಂದು ಬಾರದೇ ಉಳಿದು, ವರ್ಷದ ಮೇಲೆ ಸ್ಟೆಂಟ್ ತುಂಬ ಕಲ್ಲು ಕಟ್ಟಿಕೊಂಡು ಬಂದ ಮಕ್ಕಳನ್ನು ನೋಡಿದ್ದೇನೆ. ಒಂದು ಎಳೆಯಂತೆ ಸರಿದು ಬರಬೇಕಾದದ್ದಕ್ಕೆ ಎರಡು ಮೂರು ಆಪರೇಷನ್ ಬೇಕಾಗುತ್ತದೆ. ಆಸ್ಪತ್ರೆಯಿಂದ ಹೊರಡುವಾಗಲೇ ದಿನಾಂಕ ಬರೆಸಿಕೊಂಡು, ಅಪ್ಪ ಅಮ್ಮ ಇಬ್ಬರ ಫೋನಿನಲ್ಲೂ ಅಲಾರಂ ಇಟ್ಟುಕೊಳ್ಳಿ.

ಆಪರೇಷನ್ ಆದ ಮೇಲೆ ಒಂದೆರಡು ದಿನ ಮೂತ್ರಕ್ಕೆ ಕೊಳವೆ ಇರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಮನೆಗೆ. ಈ ವಯಸ್ಸಿನ ಮಗುವನ್ನು ಮಲಗಿಸಿ ಇಡುವುದು ಯಾರ ಕೈಯಲ್ಲೂ ಆಗದು, ಆಗಬೇಕಾಗಿಯೂ ಇಲ್ಲ. ಎದ್ದು ಓಡಾಡಲಿ, ಬೀಳದಂತೆ ನೋಡಿಕೊಂಡರೆ ಸಾಕು. ತೊಂದರೆಗಳು ಇಲ್ಲವೇ ಇಲ್ಲ ಎಂದು ಹೇಳಲಾರೆ. ಸೋಂಕು ಬರಬಹುದು, ಹೊಲಿಗೆಯಿಂದ ಕೆಲವು ದಿನ ಮೂತ್ರ ಸೋರಬಹುದು, ಸ್ಟೆಂಟ್ ಜರುಗಬಹುದು, ಅಪರೂಪಕ್ಕೆ ರಕ್ತಸ್ರಾವ ಅಥವಾ ಕರುಳಿಗೆ ಪೆಟ್ಟು ಆಗಬಹುದು. ಕೆಲವೇ ಮಕ್ಕಳಲ್ಲಿ ಕೂಡುಜಾಗ ಮತ್ತೆ ಕಿರಿದಾಗಿ ಇನ್ನೊಮ್ಮೆ ಮಾಡಬೇಕಾಗುತ್ತದೆ, ಅದೂ ಹೆಚ್ಚಾಗಿ ಮೊದಲ ಒಂದೆರಡು ವರ್ಷದಲ್ಲಿ ಗೊತ್ತಾಗುತ್ತದೆ. ಜ್ವರ, ನಿಲ್ಲದ ವಾಂತಿ, ಹೊಟ್ಟೆ ಉಬ್ಬರ, ಗಟ್ಟಿ ರಕ್ತದಂಥ ಮೂತ್ರ, ಅಥವಾ ಮೂತ್ರ ಕಡಿಮೆಯಾಗುವುದು ಕಂಡರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ.

ಇನ್ನೊಂದು ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇನೆ, ಮೂರು ತಿಂಗಳ ನಂತರದ ಸ್ಕ್ಯಾನ್ ನೋಡಿ ನೀವು ಕುಸಿಯಬಾರದು. ಆ ರಿಪೋರ್ಟಿನಲ್ಲಿ ‘ಊತ ಇನ್ನೂ ಇದೆ’ ಎಂದೇ ಬರೆದಿರುತ್ತದೆ. ವರ್ಷಗಟ್ಟಲೆ ಊದಿದ್ದ ಬಲೂನಿನ ಗಾಳಿ ಬಿಟ್ಟರೂ ರಬ್ಬರ್ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಇದೂ ಹಾಗೆಯೇ. ನಾವು ನೋಡುವುದು ಊತ ಮೊದಲಿಗಿಂತ ಇಳಿಯುತ್ತಿದೆಯೇ, ರೆನೋಗ್ರಾಂ ಗೆರೆ ಈಗ ಇಳಿಯುತ್ತಿದೆಯೇ, ಶೇ 35 ಹಾಗೇ ನಿಂತಿದೆಯೇ ಎಂಬುದನ್ನು. ಕೆಲವು ಮಕ್ಕಳಲ್ಲಿ ಅದು ಏರುವುದೂ ಉಂಟು, ಆದರೆ ಏರುತ್ತದೆ ಎಂದು ಮಾತು ಕೊಡಲಾರೆ. ನಿಂತರೂ ಆಪರೇಷನ್ ಗೆದ್ದಂತೆಯೇ.

ಇದನ್ನು ಓದುವ ಬೇರೆ ತಂದೆತಾಯಿಯರಿಗೆ ಒಂದು ಮಾತು. ಮಕ್ಕಳ ಎಲ್ಲ ಮೂತ್ರದ ಬ್ಲಾಕ್‌ಗಳೂ ಹೀಗೆ ಕಾಯುವಂಥವಲ್ಲ. ಗಂಡುಕೂಸಿನ ಮೂತ್ರ ಧಾರೆಯಾಗಿ ಬಾರದೆ ತೊಟ್ಟಿಕ್ಕುತ್ತಿದ್ದರೆ, ಗರ್ಭದ ಸ್ಕ್ಯಾನ್‌ನಲ್ಲಿ ಎರಡೂ ಕಿಡ್ನಿ ಊದಿ ಮೂತ್ರಕೋಶ ದಪ್ಪವಾಗಿ ಕಂಡಿದ್ದರೆ, ಅದು ಮೂತ್ರದ ಹೊರದಾರಿಯಲ್ಲೇ ಹುಟ್ಟಿನಿಂದ ಬೆಳೆದ ಪೊರೆಯ ತಡೆ ಇರಬಹುದು. ಗಂಡುಮಕ್ಕಳಿಗೆ ಮಾತ್ರ ಬರುವಂಥದ್ದು. ಇದರಲ್ಲಿ ಎರಡೂ ಕಿಡ್ನಿಗಳು ಅಪಾಯದಲ್ಲಿರುವುದರಿಂದ ಹುಟ್ಟಿದ ದಿನವೇ ಕೊಳವೆ ಹಾಕಿ, ಕೆಲವೇ ದಿನದಲ್ಲಿ ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ಪೊರೆಯನ್ನು ಕತ್ತರಿಸುತ್ತಾರೆ; ಹೊಟ್ಟೆಯಲ್ಲಿ ರಂಧ್ರವೂ ಬೇಡ. ಆದರೆ ಆ ಮಕ್ಕಳ ಕಿಡ್ನಿ, ಮೂತ್ರಕೋಶ ಎರಡನ್ನೂ ದೊಡ್ಡವರಾಗುವ ತನಕ ನೋಡಿಕೊಳ್ಳಬೇಕು. ಕಿಡ್ನಿಯಿಂದ ಇಳಿಯುವ ಮೂತ್ರನಾಳದ ಕೆಳತುದಿಯ ಅಡಚಣೆಗಳಲ್ಲಿ ಬಹಳಷ್ಟು ತಾವಾಗಿ ಸರಿಹೋಗುತ್ತವೆ, ಅವಕ್ಕೆ ಅವಸರವಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಎರಡೂ ರೆನೋಗ್ರಾಂ ಹಾಳೆಗಳನ್ನು, ಮೂರೂ ಸ್ಕ್ಯಾನ್ ರಿಪೋರ್ಟುಗಳನ್ನು ಒಂದೇ ಫೈಲಿನಲ್ಲಿ ಜೋಡಿಸಿ. ಮನಸ್ಸು ಒಪ್ಪದಿದ್ದರೆ ಇನ್ನೊಬ್ಬ ಮಕ್ಕಳ ಮೂತ್ರಾಂಗ ತಜ್ಞರಿಗೆ ತೋರಿಸಿ, ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆ ಗೆರೆ ಇಳಿಯದೆ ನಿಂತಿರುವುದನ್ನು ಅವರೇ ಕಣ್ಣಾರೆ ನೋಡಲಿ. ಎರಡು ಮೂರು ವಾರ ತಡವಾದರೆ ಏನೂ ಕೆಡುವುದಿಲ್ಲ, ಆದರೆ ಮುಂದಿನ ವರ್ಷ ನೋಡೋಣ ಎಂದು ಎದ್ದು ಬರಬೇಡಿ. ಅಷ್ಟರೊಳಗೆ ಮಗುವಿಗೆ ಜ್ವರ, ಚಳಿ ಬಂದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಕಿಡ್ನಿ ಊದಿರುವ ಮಗು ಎಂದು ನೋಡುವ ಡಾಕ್ಟರಿಗೆ ಬಾಗಿಲಲ್ಲೇ ಹೇಳಿಬಿಡಿ.